ನಾನು ಕೊಯ್ದ ಫರ್ಮಾಗಳು

ಗಿಟಾರ್ ಮಾಡುವುದೆಂದರೆ ತಂತಿ, ಕೀಲಿ, ಪಾಲಿಶ್ ಅಷ್ಟೇ ಅಂದುಕೊಂಡಿದ್ದೆ. ನಿಜವಾದ ಫಜೀತಿ ಇರುವುದು ಅದರ ಸೊಂಟದಲ್ಲಿ. ತೆಳ್ಳಗಿನ ಹಲಗೆಯನ್ನು ನೆನೆಸಿ, ಕೆಂಡ ತುಂಬಿದ ಕಬ್ಬಿಣದ ಪೈಪಿಗೆ ಒತ್ತಿ ಹೇಗೋ ಬಾಗಿಸಬಹುದು. ಆದರೆ ಆರುತ್ತಾ ಆರುತ್ತಾ ಅದು ಮತ್ತೆ ನೆಟ್ಟಗಾಗಲು ನೋಡುತ್ತದೆ. ಹಾಗಾಗದಂತೆ ಎರಡು ಮೂರು ದಿನ ಬಿಗಿದಿಡಲು ಅದೇ ಆಕಾರದ ದಪ್ಪ ಕಟ್ಟಿಗೆಯ ಫರ್ಮಾ ಬೇಕು. ಆ ಫರ್ಮಾಕ್ಕಾಗಿ ಮಾನ್ವಿಯಲ್ಲಿ ನಾನು ಮಾಡಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಎಂಬತ್ತರ ದಶಕದ ಶುರು. ನನಗೆ ಇಪ್ಪತ್ತು ದಾಟಿತ್ತು, ರಾಯಚೂರಿನಲ್ಲಿ ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೆಲಸ. ಚರ್ಚಿನಲ್ಲಿ ಹಾಡುವವರೊಬ್ಬರು ಮೈಕ್ ಕೂರಿಸಲು ತಮ್ಮ ಗಿಟಾರ್ ತಂದಿಟ್ಟು ಹೋದರು. ಅವರು ಬರುವಷ್ಟರಲ್ಲಿ ನಾನು ಅದನ್ನು ಹಳೇ ಪೇಪರಿನ ಮೇಲೆ ಮಲಗಿಸಿ ಸುತ್ತಲೂ ಪೆನ್ಸಿಲ್ ಎಳೆದಿಟ್ಟುಕೊಂಡಿದ್ದೆ. ಕಲಿಸುವವರಿಲ್ಲ, ಪುಸ್ತಕವಿಲ್ಲ, ಇದ್ದದ್ದು ಹುಮ್ಮಸ್ಸು ಮಾತ್ರ. ಮೊದಲು ಹಲಗೆಯ ಮೇಲೆ ಗೆರೆಯುದ್ದಕ್ಕೂ ಮೊಳೆ ಬಡಿದು, ಬಾಗಿಸಿದ ಪಟ್ಟಿಯನ್ನು ಅವಕ್ಕೆ ಆನಿಸಿ ಕಟ್ಟಿ ನೋಡಿದೆ. ಪ್ರತಿ ಮೊಳೆಗೂ ಪಟ್ಟಿಯಲ್ಲಿ ಒಂದೊಂದು ಗುಳಿ ಬಿದ್ದು, ಕೊನೆಗೆ ಅದು ಚಟ್ ಎಂದು ಮುರಿಯಿತು.

ಮಾನ್ವಿಯಲ್ಲಿ ಅಕ್ಕನ ಮನೆಯ ಪಕ್ಕದಲ್ಲಿ ಒಬ್ಬ ಮುದುಕರಿದ್ದರು, ಎತ್ತಿನ ಗಾಡಿಯ ಗಾಲಿ ಮಾಡುವ ಬಡಿಗರು. ಭಾನುವಾರದ ಬಸ್ಸಿಗೆ ಹೋಗಿ ಅವರ ಚಪ್ಪರದಲ್ಲಿ ಕೂರತೊಡಗಿದೆ.

"ಬರ್ರಿ ರಾಯಚೂರ ಸಾಹೇಬ್ರ," ಎನ್ನುತ್ತಿದ್ದರು. "ಏನದು, ಸೋರೆಕಾಯಿ ಮಾಡಾಕತ್ತೀಯೋ, ವಾದ್ಯ ಮಾಡಾಕತ್ತೀಯೋ?"

ಹಾಗೆ ಛೇಡಿಸುತ್ತಲೇ ಉಳಿ ಹಿಡಿಯುವುದನ್ನು ತೋರಿಸಿಕೊಟ್ಟರು. "ಮೂಲ್ಯಾಗ ಬಿದ್ದದ್ದು ಏನ್ ಬೇಕಾದ್ರೂ ತಗೋ," ಎಂದೂ ಹೇಳಿದ್ದರು.

ಮೂಲೆಯಲ್ಲಿದ್ದವು ಬರೀ ಚೂರುಗಳು. ಗೋಡೆಯ ಗೂಟಕ್ಕೆ ಮಾತ್ರ ಹೊಗೆಗೆ ಕಪ್ಪಾದ ಬಾಗಿದ ಹಲಗೆಗಳ ಒಂದು ಕಟ್ಟು ನೇತಾಡುತ್ತಿತ್ತು. ಒಂದೊಂದೂ ಬೆರಳು ದಪ್ಪ, ಒಣಗಿ ಕಲ್ಲಾದ ಸಾಗವಾನಿ. ಅಂಚಿನಲ್ಲಿ ಸಣ್ಣ ಸಣ್ಣ ಗರಗಸದ ಗುರುತುಗಳಿದ್ದವು. ಗರಗಸದ ಹಲ್ಲು ಪರೀಕ್ಷೆ ಮಾಡಿದ್ದಿರಬೇಕು ಅಂದುಕೊಂಡೆ. ಬೇಡವಾದದ್ದನ್ನು ಯಾರೂ ಗೂಟಕ್ಕೆ ನೇತುಹಾಕುವುದಿಲ್ಲ ಎಂದು ಗೊತ್ತಿತ್ತು. ಆದರೂ, ಅವರು ಅರಕೇರಾಕ್ಕೆ ಹೋಗಿದ್ದ ದಿನ, ಐದು ಹಲಗೆ ಇಳಿಸಿ, ಗಿಟಾರಿನ ಗೆರೆಗೆ ಕೊಯ್ದು, ಒಂದರ ಮೇಲೊಂದು ಅಂಟಿಸಿದೆ. ಅಂಚಿನ ಗುರುತುಗಳನ್ನು ಉಜ್ಜಿ ಉಜ್ಜಿ ನುಣುಪು ಮಾಡಿದೆ. ಬಾಗಿಸಿದ ಪಟ್ಟಿಯನ್ನು ಅದಕ್ಕೆ ಆನಿಸಿ ಸೈಕಲ್ ಟ್ಯೂಬಿನಿಂದ ಬಿಗಿದು, ಮೇಲೆ ಗೋಣಿಚೀಲ ಹೊದಿಸಿ, ಚಪ್ಪರದಲ್ಲಿ ನಾನು ಕೂರುವ ಜಾಗದ ಪಕ್ಕದ ಸಂದಿಯಲ್ಲಿಟ್ಟು ರಾಯಚೂರಿಗೆ ಬಂದೆ.

ಮುಂದಿನ ಭಾನುವಾರ ನಾನು ಕೂತಿರುವಾಗಲೇ ಕವಿತಾಳದ ರೈತರೊಬ್ಬರು ಬಂದರು. ಗಾಲಿಯ ಸುತ್ತಿನ ಒಂದು ತುಂಡು ಸೀಳಿತ್ತು.

"ಗಾಲಿ ತರಬೇಕಿತ್ತೇನ್ರೀ?"

"ಯಾಕ ತರ್ತೀ? ನಿಮ್ಮಪ್ಪನ ಕಾಲದಿಂದ ನಿಮ್ಮ ಮನಿ ಫರ್ಮಾ ನನ್ನ ಗೋಡಿಮ್ಯಾಲ ಅದ. ಮೂರು ಗೀರು ಕವಿತಾಳದ್ದು, ಆ ಕಡಿ ಎರಡು ಗೀರು ನಿಮ್ಮ ಮನೀದು," ಎನ್ನುತ್ತಾ ಮುದುಕರು ಎದ್ದರು.

ಆಗ ಗೊತ್ತಾಯಿತು. ಅವು ಗಾಡಿಯವರ ಮನೆಮನೆಯ ಗಾಲಿಯ ಅಳತೆಗಳು. ಓದುಬರಹ ಬಾರದ ಮನುಷ್ಯ ಗೀರುಗಳಲ್ಲೇ ಊರುಗಳನ್ನು ಬರೆದಿಟ್ಟುಕೊಂಡಿದ್ದರು. ನಾನು ಅವನ್ನು ಅಳಿಸಿದ್ದೆ.

ಅವರು ಕಟ್ಟು ಬಿಚ್ಚಿ ಒಂದೊಂದೇ ಹಲಗೆಯ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು. ಆಮೇಲೆ ಒಳಗಿದ್ದ ಹೆಂಡತಿಯನ್ನು ಕೂಗಿದರು.

"ಏ ಇಕಿನ! ಗೂಟಕ್ಕಿದ್ದ ಹಲಗಿ ಒಲಿಗೆ ಹಾಕೀಯೇನ?"

"ನನಗೇನ್ ತಲಿ ಕೆಟ್ಟದೇನು? ನಾ ಮೂಲ್ಯಾಗಿನ ಚಕ್ಕಿ ಒಯ್ತೀನಿ, ಗೂಟ ಮುಟ್ಟಂಗಿಲ್ಲ."

"ನೀ ಅಲ್ದ ಇನ್ಯಾರು ಒಯ್ತಾರ? ಐದು ಕಮ್ಮಿ ಅವ. ಕಣ್ಣ ಕಾಣವಲ್ದು, ಕೈ ಮಾತ್ರ ಎಲ್ಲಾ ಕಡಿ ಹೋಗ್ತದ!"

ರೈತರು ನಕ್ಕರು. ಅಜ್ಜಿ ಬಾಗಿಲಲ್ಲಿ ನಿಂತು ಗೂಟವನ್ನೇ ನೋಡಿದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಸ್ವಲ್ಪ ಹೊತ್ತಿಗೆ ದನಿ ಇಳಿಯಿತು. "ಯಾರಿಗ್ಗೊತ್ತು... ಮ್ವಾಡ ಕವಿದ ದಿನ ಹಾಕಿದ್ದರೂ ಹಾಕಿರಬೇಕು."

ಗೋಣಿಚೀಲ ನನ್ನ ಮೊಣಕಾಲಿಗೆ ತಾಗುತ್ತಿತ್ತು. ಅದನ್ನು ಎತ್ತಿದ್ದರೆ ಸಾಕಿತ್ತು. ಎತ್ತಲಿಲ್ಲ, ಕಾಲಿನಿಂದ ಇನ್ನಷ್ಟು ಒಳಗೆ ದೂಡಿದೆ. ಮುದುಕರು ಬೈಯುತ್ತಲೇ ಹಗ್ಗ ತೆಗೆದುಕೊಂಡು, ಗಾಲಿ ಅಳೆಯಲು ರೈತರೊಂದಿಗೆ ಕವಿತಾಳದ ಬಸ್ಸಿಗೆ ಹೊರಟರು. ಆ ವಯಸ್ಸಿನಲ್ಲಿ, ಆ ಬಿಸಿಲಿನಲ್ಲಿ.

ಅವರು ಹೋದ ಮೇಲೆ ಟ್ಯೂಬ್ ಬಿಚ್ಚಿದೆ. ಪಟ್ಟಿ ಫರ್ಮಾ ಬಿಟ್ಟು ಬಂದರೂ ಆಕಾರ ಬಿಡಲಿಲ್ಲ. ಪೇಪರಿನ ಗೆರೆಯ ಮೇಲಿಟ್ಟರೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ತಿಂಗಳುಗಟ್ಟಲೆ ಅದಕ್ಕೇ ಕಾದಿದ್ದವನು ನಾನು. ಖುಷಿಯಾಗಲಿಲ್ಲ ಎಂದರೆ ಸುಳ್ಳು. ಖುಷಿಯಾಯಿತು, ಅದೇ ಕ್ಷಣಕ್ಕೆ ಅಜ್ಜಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಪ್ರತಿ ಚಕ್ಕೆಯನ್ನೂ ಕಣ್ಣ ಹತ್ತಿರ ಹಿಡಿದು ನೋಡುತ್ತಿರುವುದು ಕಂಡಿತು.

ಫರ್ಮಾ ಒಯ್ದು ಅವರ ಮುಂದಿಟ್ಟೆ. "ಯವ್ವಾ, ನೀವಲ್ಲ. ನಾನು."

ಅವರು ಅಂಟಿಸಿದ ಐದು ಪದರಗಳನ್ನು ಬೆರಳಿನಿಂದ ಎಣಿಸಿದರು.

"ನನ್ನ ಕೈಯಿಂದ ಆಗಿಲ್ಲ ಅಂದಂಗಾತು," ಎಂದರು. "ಅವನ ಮುಂದ ಹೇಳಬ್ಯಾಡ. ಮತ್ತ ನಿನ್ನ ಕರಿಯಂಗಿಲ್ಲ ಚಪ್ಪರಕ್ಕ. ನಾಕು ಬೈಗಳ ನಂದಾಗಿ ಹೋದ್ವು, ಇರಲಿ. ನಾಕು ದಿನಕ್ಕ ಮರೀತಾನ."

ಇಲ್ಲ ಯವ್ವಾ, ಹೇಳೇ ಹೇಳ್ತೀನಿ ಎನ್ನಬೇಕಿತ್ತು. ಎದೆಯ ಮೇಲಿನ ಭಾರ ಇಳಿದಂತಾಗಿ, "ಹೂಂ" ಎಂದೆ.

ಆ ಫರ್ಮಾದಿಂದ ಮೂರು ಗಿಟಾರ್ ಮಾಡಿದೆ. ಮುದುಕರು ಇರುವವರೆಗೂ ಆ ಚಪ್ಪರಕ್ಕೆ ಹೋದೆ, ಅವರು ಕೊಟ್ಟ ಚಹಾ ಕುಡಿದೆ. ಫರ್ಮಾ ಕಳೆದ ಆ ಐದು ಮನೆಗಳವರು ಗಾಲಿಯ ಕೆಲಸಕ್ಕೆ ಬಂದಾಗಲೆಲ್ಲ ಅವರು ಹಗ್ಗ ಹುಡುಕುತ್ತಾ, "ನಮ್ಮ ಮನ್ಯಾಕಿ ಒಲಿಗೆ ಹಾಕ್ಯಾಳ್ರಿ," ಎಂದು ನಗುತ್ತಾ ಹೇಳುತ್ತಿದ್ದರು. ಅಜ್ಜಿ ಒಳಗಿನಿಂದ ಏನೂ ಅನ್ನುತ್ತಿರಲಿಲ್ಲ. ನಾನೂ ಏನೂ ಅನ್ನಲಿಲ್ಲ.