ಸುಡದ ನೀರು

ನನಗೆ ಮುಂಗೋಪ ಜಾಸ್ತಿ, ಮಾತೂ ಜಾಸ್ತಿ. ಮಾಂಬಳ್ಳಿಯಲ್ಲಿ ಪುಟ್ಟಬಸಪ್ಪನ ಅಂಗಡಿಗೆ ಹೋದರೆ ಟೀ, ಬೀಡಿ, ಬಾಳೆಹಣ್ಣಿನ ಜೊತೆಗೆ ಪುಕ್ಕಟೆ ಬುದ್ಧಿಮಾತೂ ಸಿಗುತ್ತದೆ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಎಸ್ಸೆಸ್ಸೆಲ್ಸಿವರೆಗೆ ಓದಿದವನು ನಾನು, ಬಾಟಲಿ ಪೊಟ್ಟಣಗಳ ಮೇಲಿನ ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲೆ. ನಮ್ಮ ಬೀದಿಗೆ ಅಷ್ಟೇ ದೊಡ್ಡದು. ಹಾಳೂರಿಗೆ ಉಳಿದವನೇ ಗೌಡ.

ಅಂಗಡಿಯ ಎದುರಿಗೇ ರೇಷ್ಮೆ ನೂಲು ತೆಗೆಯುವ ಶೆಡ್ಡು. ಚನ್ನಮಲ್ಲಮ್ಮ ಅಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ಬೆಂದ ಗೂಡುಗಳು ಬೇಸಿನ್ನಿನ ಬಿಸಿನೀರಿನಲ್ಲಿ ತೇಲುತ್ತಿರುತ್ತವೆ. ಎಳೆಯ ತುದಿ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗಬೇಕು. ಪಕ್ಕದವರು ಒಂದು ಗೂಡಿನ ತುದಿ ಹುಡುಕುವಷ್ಟರಲ್ಲಿ ಇವಳು ನಾಲ್ಕು ಹಿಡಿದಿರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗಳು ಧನುಶ್ರೀಯನ್ನು ಓದಿಸಿ, ನಂಜನಗೂಡಿನ ಕಂಪನಿಯ ಕೆಲಸದವರೆಗೆ ಮುಟ್ಟಿಸಿದ್ದು ಆ ಬೆರಳುಗಳೇ. ಬೇರೆ ಕೆಲಸ ಅವಳಿಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಮೈ ಮಾತ್ರ ಬೆಳೆಯುತ್ತಲೇ ಹೋಯಿತು. ನೂರಾ ಹದಿನೆಂಟು ಕೆಜಿ. ಮಂಡಿ ಕೆಟ್ಟಿತು, ಸಕ್ಕರೆ ಕಾಯಿಲೆ ಅಂಟಿಕೊಂಡಿತು, ಸ್ಟೂಲಿನಿಂದ ಏಳಲು ಇಬ್ಬರು ಕೈ ಕೊಡಬೇಕಾಯಿತು. ಮಗಳ ಕಂಪನಿಯ ವಿಮೆ ಇತ್ತು. ಮೈಸೂರಿನಲ್ಲಿ ಆಪರೇಷನ್ ಮಾಡಿಸಿದರು. ಹೊಟ್ಟೆಯನ್ನು ಸಣ್ಣ ಚೀಲದಷ್ಟು ಮಾಡಿ, ಕರುಳನ್ನು ಅದಕ್ಕೇ ಜೋಡಿಸಿ ಕಳಿಸಿದರು. ವರ್ಷ ತುಂಬುವಷ್ಟರಲ್ಲಿ ಅರ್ಧ ಆಳಾದಳು.

"ಒಟ್ಟೆ ಕುಯ್ಸ್ಕಂಡು ಉಪಾಸ ಇರದ್ಕಿಂತ ಸುಮ್ನೆ ಉಪಾಸ ಇರಬೌದಿತ್ತು ಕಣಮ್ಮಿ," ಎಂದು ಬೀದಿಯ ಹೆಂಗಸರು ಛೇಡಿಸಿದರು. ಅವಳು ನಕ್ಕಳು. ಮಂಡಿ ನೋವಿಲ್ಲದೆ ನಡೆಯುತ್ತಿದ್ದವಳಿಗೆ ಯಾರ ಮಾತೂ ತಟ್ಟುತ್ತಿರಲಿಲ್ಲ.

ತಟ್ಟಿದ್ದು ಸುಸ್ತು. ಎರಡು ತುತ್ತು ಮುದ್ದೆ ಉಂಡರೆ ಹೊಟ್ಟೆ ತುಂಬುತ್ತಿತ್ತು, ಹನ್ನೊಂದು ಗಂಟೆಗೆಲ್ಲ ಕಣ್ಣು ಕತ್ತಲೆ ಬರುತ್ತಿತ್ತು. ದಿನಾ ವಿಟಮಿನ್ ಮಾತ್ರೆ, ಕಬ್ಬಿಣದ್ದು, ಸುಣ್ಣದ್ದು, ತಿಂಗಳಿಗೊಂದು ಬಿ12 ಸೂಜಿ, ಬದುಕಿರುವವರೆಗೂ ಬಿಡಬಾರದು ಎಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದರು. ಮಾತ್ರೆ ಎದೆಯಲ್ಲೇ ನಿಲ್ಲುತ್ತದೆ ಎಂದು ಅವಳ ಗೋಳು. ಒಂದು ದಿನ ಬಂದು ಅಂಗಡಿಯ ಬೆಂಚಿನ ಮೇಲೆ ಕುಸಿದು ಕೂತಳು. ಅವಳ ಕಣ್ಣು ನನ್ನ ಫ್ರಿಜ್ಜಿನ ಮೇಲೆ ಬಿತ್ತು.

"ಐಕ್ಳೆಲ್ಲ ಕುಡೀತವಲ್ಲ, ಅದೇನಣ್ಣ?"

"ಶಕ್ತಿ ಬರ ನೀರು ಕಣಮ್ಮಿ." ನಾನು ಬಾಟಲಿ ತೆಗೆದು, ಕನ್ನಡಕ ಏರಿಸಿಕೊಂಡು, ಅಕ್ಷರ ಓದಿದೆ. "ನೋಡು, ಬಿ12 ಅಂತ ಬರ್ದವ್ರೆ. ನಿನ್ ಸೂಜೀಲಿರದೇ ಇದ್ರಲ್ಲೂ ಅದೆ."

"ಅಂಗಾರೆ ಸೂಜಿ ಯಾಕೆ ಚುಚ್ಚುಸ್ಕಬೇಕು?"

"ಅದೇ ಮತ್ತೆ," ಎಂದೆ. ನನ್ನ ನಾಲಿಗೆ ಸೇದಿಹೋಗ.

ಅಂದಿನಿಂದ ಮಾತ್ರೆ ಬಿಟ್ಟಳು, ಸೂಜಿ ಬಿಟ್ಟಳು. ದಿನಕ್ಕೊಂದು ಬಾಟಲಿ, ಆಮೇಲೆ ಎರಡು. ಕುಡಿದ ಅರ್ಧ ಗಂಟೆ ಚುರುಕಾಗಿರುತ್ತಿದ್ದಳು, ಮತ್ತೆ ಸೋತುಹೋಗುತ್ತಿದ್ದಳು. ಎದೆ ಹೊಡೆದುಕೊಳ್ಳುತ್ತದೆ ಅನ್ನುತ್ತಿದ್ದಳು. ಶಕ್ತಿ ಬಂದಾಗ ಹಾಗೇ ಎಂದು ಅದಕ್ಕೂ ನಾನೇ ಉತ್ತರ ಹೇಳಿದೆ.

ಹೀಗೇ ಒಂದೂವರೆ ವರ್ಷ ಕಳೆಯಿತು. ಕೈಕಾಲು ಜೋಮು ಹಿಡಿದ ಹಾಗಿದೆ ಎಂದು ಒಮ್ಮೆ ಅಂದಳು. ಇನ್ನೊಂದು ದಿನ ಖುಷಿಯಿಂದ ಬಂದಳು. "ಈಗ ನೀರು ಸುಡಂಗೇ ಇಲ್ಲ ಕಣಣ್ಣ. ಕೈ ಗಟ್ಟಿಯಾಗದೆ. ಎಷ್ಟೊತ್ತು ಅದ್ದಿದ್ರೂ ಏನೂ ಅನ್ಸದೇ ಇಲ್ಲ."

ಹಳಬರ ಕೈ ಬಿಸಿನೀರಿಗೆ ಪಳಗುತ್ತದೆ, ಅದು ನಮ್ಮೂರಲ್ಲಿ ಹೆಮ್ಮೆಯ ಮಾತು. ಶೆಡ್ಡಿನ ಹೆಂಗಸರು ಅವಳ ಕೈ ನೋಡಿ ಬೆರಗಾದರು. ನಾನಂತೂ ನನ್ನ ಬಾಟಲಿಯ ಗುಣ ಎಂದು ಬಂದವರಿಗೆಲ್ಲ ಹೇಳಿದೆ. ಅದೇ ವಾರ ಅವಳ ಬೇಸಿನ್ನಿನಲ್ಲಿ ಎಳೆ ಪದೇಪದೇ ಕಡಿಯುತ್ತಿದೆ, ತುದಿ ಸಿಗುತ್ತಿಲ್ಲ ಎಂದು ಶೆಡ್ಡಿನ ಯಜಮಾನ ಬೈದಿದ್ದ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಓದಿದ ನನಗೂ ಬರಲಿಲ್ಲ.

ಆವತ್ತು ಮಧ್ಯಾಹ್ನ ಒದ್ದೆ ಕೈಯಲ್ಲೇ ಬಂದು ಬಾಟಲಿ ತೆಗೆದುಕೊಂಡಳು. ಎರಡು ಗುಟುಕು ಕುಡಿದು, ಮಗಳನ್ನು ನೋಡಲು ಹನೂರಿನಿಂದ ಗಂಡಿನ ಕಡೆಯವರು ಬರುತ್ತಾರೆ ಎಂದು ನಗುತ್ತಾ ಹೇಳಿ, ಬಾಟಲಿಯನ್ನು ಕಟ್ಟೆಯ ಮೇಲಿಟ್ಟಳು. ಬಾಟಲಿಗೆ ಅವಳ ಬೆರಳಿನ ಚರ್ಮ ಅಂಟಿಕೊಂಡಿತ್ತು. ಎರಡೂ ಕೈ ಮಣಿಕಟ್ಟಿನವರೆಗೆ ಬೆಂದು ಹೋಗಿದ್ದವು, ಎಡಗೈ ಹೆಚ್ಚು. ಅವಳು ಇನ್ನೂ ಗಂಡಿನ ಮಾತೇ ಆಡುತ್ತಿದ್ದಳು.

ಆಟೋದಲ್ಲಿ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಗಾಯಕ್ಕೆ ಮದ್ದು ಹಾಕಿಸಿ, ಬೆರಳಿಗೆ ಸೂಜಿಯ ಮೊನೆ ಮುಟ್ಟಿಸಿ ಗೊತ್ತಾಗುತ್ತದೆಯೇ ಎಂದು ನೋಡಿದರು. ಯಾವ ಮಾತ್ರೆ ತಗೋತಿದ್ದೀರಿ ಎಂದರು. ಚನ್ನಮಲ್ಲಮ್ಮ ಬಾಟಲಿಯ ಹೆಸರು ಹೇಳಿದಳು.

"ನಿಮ್ಮ ಆಪರೇಷನ್ ಆದವರಿಗೆ ಬಾಯಲ್ಲಿ ಕುಡಿದ ಬಿ12 ಮೈಗೆ ಸರಿಯಾಗಿ ಹತ್ತಲ್ಲಮ್ಮ. ಅದಿಲ್ಲದೆ ನರ ಸೊರಗಿದೆ. ನೀರು ಸುಡ್ತಾನೇ ಇತ್ತು, ನಿಮಗೆ ತಿಳೀತಿರಲಿಲ್ಲ ಅಷ್ಟೆ. ಸೂಜಿ ಬದಲು ಇದು ಸಾಕು ಅಂತ ಯಾರು ಹೇಳಿದ್ದು?"

ಚನ್ನಮಲ್ಲಮ್ಮ ನನ್ನ ಕಡೆ ನೋಡಲೇ ಇಲ್ಲ.

"ಯಾರೂ ಯೋಳ್ನಿಲ್ಲ ಕಣವ್ವ. ನಾನೇ ಬಾಟ್ಲಿ ಮ್ಯಾಲೆ ಓದ್ಕಂಡೆ."

ಅವಳಿಗೆ ಓದಲು ಬರುವುದಿಲ್ಲ. ಸಂಬಳಕ್ಕೆ ಹೆಬ್ಬೆಟ್ಟು ಒತ್ತುವವಳು.

ಬೆರಳಿಗೆ ಮತ್ತೆ ಸ್ಪರ್ಶ ಬರುತ್ತದಾ ಎಂದು ಕೇಳಿದ್ದಕ್ಕೆ, ಬರಬಹುದು, ಪೂರ್ತಿ ಬರದೆಯೂ ಇರಬಹುದು, ಸೂಜಿ ಮಾತ್ರ ತಪ್ಪಿಸಬೇಡಿ ಎಂದರು ಡಾಕ್ಟರಮ್ಮ. ವಾಪಸು ಬರುವಾಗ ಆಟೋದಲ್ಲಿ ನನಗೆ ತಡೆಯಲಾಗಲಿಲ್ಲ. "ನನ್ ಎಸ್ರು ಯಾಕಮ್ಮಿ ಯೋಳ್ನಿಲ್ಲ?" ಎಂದೆ.

"ಓದ್ದವ್ನು ನೀನು, ಕುಡ್ದವ್ಳು ನಾನು. ಬುಡಣ್ಣ." ಆಮೇಲೆ ಬಟ್ಟೆ ಸುತ್ತಿದ ಕೈಗಳನ್ನು ನೋಡಿಕೊಂಡು, "ತುದಿ ಸಿಗ್ನಿಲ್ಲ ಅಂದ್ರೆ ನಾನು ಯಾರು ಯೋಳು?" ಎಂದಳು.

ಫ್ರಿಜ್ಜಿನಲ್ಲಿದ್ದ ಬಾಟಲಿಗಳನ್ನೆಲ್ಲ ಚರಂಡಿಗೆ ಸುರಿದೆ. ಸೂಜಿಯ ದಿನ ಅಂಗಡಿ ಮುಚ್ಚಿ ನಾನೇ ಜೊತೆಗೆ ಹೋದೆ. ಗಾಯ ಮಾಯ್ದ ಮೇಲೆ ಅವಳು ದಿನಾ ಬೆಳಿಗ್ಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದಳು. ನಾನು ಗಾಜಿನ ಲೋಟಕ್ಕೆ ಟೀ ಸುರಿದು, ಕೈ ಬೇಯದಷ್ಟು ಆರಿದೆಯೇ ಎಂದು ಮೊದಲು ಹಿಡಿದು ನೋಡಿ, ಆಮೇಲೆ ಅವಳ ಬಲಗೈಗೆ ಕೊಡುತ್ತಿದ್ದೆ.

"ಬಿಸಿ ಅದಾ?"

"ಗೊತ್ತಾಯ್ತಿಲ್ಲ ಕಣಣ್ಣ."

ನಾಲ್ಕು ತಿಂಗಳು ದಿನಾ ಇದೇ ಪ್ರಶ್ನೆ, ಇದೇ ಉತ್ತರ. ಐದನೆಯ ತಿಂಗಳಲ್ಲಿ ಒಂದು ಸೋಮವಾರ ಲೋಟ ಹಿಡಿದವಳು ತಟ್ಟನೆ ಕೈಬಿಟ್ಟಳು. ಗಾಜು ಒಡೆದು ಟೀ ನನ್ನ ಕಾಲ ಮೇಲೆಲ್ಲ ಚೆಲ್ಲಿತು.

"ಸುಡ್ತದೆ," ಎಂದಳು. ಬೆರಳುಗಳನ್ನು ಬಾಯಿಗಿಟ್ಟುಕೊಂಡು ಅತ್ತಳು. ನಾನೂ ಅತ್ತೆ, ನಾಚಿಕೆಯೇನು.

ಕಣ್ಣೊರೆಸಿಕೊಂಡು, "ಇನ್ನೊಂದ್ ಲೋಟ ಕೊಡು, ಈ ಕೈನೂ ನೋಡವ," ಎಂದು ಎಡಗೈ ಚಾಚಿದಳು. ಕೊಟ್ಟೆ. ಹಿಡಿದುಕೊಂಡು ಕಾದಳು. ಟೀ ತಣ್ಣಗಾಗುವವರೆಗೂ ಕಾದಳು.

"ಇರ್ಲಿ. ತುದಿ ಹುಡ್ಕದು ಬಲಗೈ ಅಲ್ವ."

ಎದ್ದು, ರಸ್ತೆ ದಾಟಿ ಶೆಡ್ಡಿಗೆ ಹೋದಳು. ತೆರೆದ ಬಾಗಿಲಿನಿಂದ ನನಗೆ ಕಾಣುತ್ತಿತ್ತು. ಬಲಗೈ ನೀರಿಗಿಟ್ಟಳು, ಸುಟ್ಟು ಹಿಂದೆಳೆದುಕೊಂಡಳು, ಮತ್ತೆ ಇಟ್ಟಳು. ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.