ಮೂರು ಗೆರೆ ದೂರದ ಸೋನಾಬಾಯಿ

ಹನ್ನೂರಿನಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಮೈಲಾರಲಿಂಗ ದೊಡ್ಡಿಯ ಬಾಗಿಲಲ್ಲಿ ನಿಂತು ಕುರಿಗಳನ್ನು ಕೂಗಲು ನೋಡುತ್ತಾರೆ. ದನಿ ಏಳುವುದಿಲ್ಲ. ಕೋಲಿನಿಂದ ತಟ್ಟಿಬಾಗಿಲು ಬಡಿಯುತ್ತಾರೆ; ಎಪ್ಪತ್ತು ಕುರಿಗಳು ಮನೆಯ ಹಿಂದಿನ ಬೀಳು ಹೊಲಕ್ಕೆ ನುಗ್ಗುತ್ತವೆ.

ಅರವತ್ನಾಲ್ಕರ ಈ ಕುರಿಗಾರರು ನಲವತ್ಮೂರು ವರ್ಷದಿಂದ ತಮ್ಮ ಕುಲದೇವರು ಬೀರೋಬಾನ ಡೊಳ್ಳಿನ ಪದಗಳಿಗೆ ಹಿಮ್ಮೇಳದವರು. ಮುಂದೆ ಹಾಡುವವನ ಉಸಿರು ಮುಗಿದಲ್ಲಿಂದ ಪದ ಎತ್ತಿಕೊಳ್ಳುವುದು ಅವರ ಕೆಲಸ. ಸೊಲ್ಲಾಪುರದ ಸುತ್ತಿನ ಇಪ್ಪತ್ತೇಳು ಮೇಳಗಳಲ್ಲಿ ಹಾಡಿದ್ದಾರೆ, ಒಂದು ಬ್ಯಾನರಿನಲ್ಲೂ ಹೆಸರಿಲ್ಲ. "ಫೋಟೋನ ಅಷ್ಟ ದೊಡ್ಡವ ಇರ್ತಾವ್ರಿ, ಹೆಸರ ಹಾಕಾಕ ಜಾಗಾ ಎಲ್ಲಿ ಉಳೀತೈತಿ?" ಎಂದು ನಗುತ್ತಾರೆ.

ಅವರ ಬೆಲೆ ಮೊದಲು ಕಂಡದ್ದು ಅಕ್ಕಲಕೋಟದ ಶಿಕ್ಷಕಿ ದೀಪಾಲಿಗೆ. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಈ ಸೀಮೆಯ ಹಾಡುಗಾರರ ಹೆಸರು ಬರೆದು, ಕೂಡಿ ಹಾಡಿದವರ ನಡುವೆ ಅವರು ಒಂದೊಂದು ಗೆರೆ ಎಳೆದರು. ನಿಯಮ ಹಾಡುಗಾರರದೇ: ಕೊನೆಯ ಮಂಗಳದ ಪದದ ತನಕ ಕೂತು ಹಾಡಿದ್ದರೆ ಮಾತ್ರ ಗೆರೆ, ನಡುವೆ ಎದ್ದವರಿಗೆ ಇಲ್ಲ. ಒಬ್ಬರ ಮುಖ ಒಬ್ಬರು ನೋಡದ ಹೋಟಗಿಯವರೂ ನಂದೇಶ್ವರದವರೂ ಎರಡೇ ಗೆರೆಯಲ್ಲಿ ಕೂಡಿದರು. ನಡುವೆ ನಿಂತವರು ಮೈಲಾರಲಿಂಗ.

ಆದರೆ ಹೆಂಡತಿ ಸೋನಾಬಾಯಿ? ಆಕೆ ಹಾಡಿದ್ದು ಮದುವೆ ಮನೆಗಳ ಪದ, ಓಣಿಯ ನೀಲಾಬಾಯಿಯ ಕೂಡ. ನೀಲಾಬಾಯಿ ಹಾಡಿದ್ದು ತನ್ನ ತಮ್ಮ ಅಂಬಾದಾಸನ ಕೂಡ. ಅಂಬಾದಾಸ ಮೈಲಾರಲಿಂಗರ ಮೇಳದಲ್ಲಿ. ಮೂರು ಗೆರೆ!

"ಊರ ಮಂದಿ ಎಲ್ಲಾ ಒಂದ ಗೆರಿ, ಮನ್ಯಾಗಿನಾಕಿ ಮೂರ ಗೆರಿ. ಅವತ್ತ ರೊಟ್ಟಿ ಗಂಟಲದಾಗ ಇಳೀಲಿಲ್ರಿ" ಎನ್ನುತ್ತಾರೆ ಮೈಲಾರಲಿಂಗ.

ಅದೇ ಗಂಟಲಲ್ಲಿ ಈಗ ಗಂಟು. ಗುರುವಾರ ಸೊಲ್ಲಾಪುರದಲ್ಲಿ ಆಪರೇಷನ್. ಆಮೇಲೆ ದನಿ ಉಳಿಯುವ ಖಾತ್ರಿಯನ್ನು ಡಾಕ್ಟರು ಕೊಟ್ಟಿಲ್ಲ. ಅಷ್ಟರೊಳಗೆ ಸೋನಾಬಾಯಿಯ ಕೂಡ ಒಂದು ಪದ ಹಾಡಬೇಕೆಂಬುದು ಅವರ ಹಟ. ಅರವತ್ತರ ಸೋನಾಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ: "ಇವರ ಮುಂದ ಹಾಡಾಕ ನನಗ ನಾಚಿಕಿ ಬರ್ತೈತ್ರಿ."

ಕಡೆಗೂ ಇವತ್ತು ಕಟ್ಟೆಯ ಮೇಲೆ ಕೂತಿದ್ದಾರೆ. "ನೀವ ಮುಂದ ಹಿಡೀರಿ, ನಾ ಹಿಂದ ಬರ್ತೀನಿ" ಎಂದು ಸೋನಾಬಾಯಿ ಹಟ ಹಿಡಿದ ಮೇಲೆ, ಜೀವನದಲ್ಲಿ ಮೊದಲ ಸಲ ಮೈಲಾರಲಿಂಗ ಮುಂದಿನವರಾಗುತ್ತಾರೆ. ಎರಡು ನುಡಿ ಸಾಗುತ್ತದೆ. ಮೂರನೆಯದರಲ್ಲಿ ದನಿ ಒಡೆದು ನಿಂತೇ ಹೋಗುತ್ತದೆ. ಸೋನಾಬಾಯಿ ತಡಮಾಡುವುದಿಲ್ಲ. ನಿಂತಲ್ಲಿಂದ ಪದ ಎತ್ತಿಕೊಂಡು, ಗಂಡನ ಮೊಣಕಾಲಿನ ಮೇಲೆ ತಾಳ ಹಾಕುತ್ತ, ಮಂಗಳದ ತನಕ ಒಬ್ಬರೇ ಹಾಡುತ್ತಾರೆ.

ನಡುವೆ ದನಿ ನಿಂತರೂ ಇದಕ್ಕೆ ಗೆರೆ ಬೀಳುತ್ತದೆಯೇ ಎಂದು ನಾನು ಕೇಳುತ್ತೇನೆ. ಮೈಲಾರಲಿಂಗ ಬಹಳ ಹೊತ್ತು ಕೆಮ್ಮಿ, ಪಿಸುದನಿಯಲ್ಲಿ ಹೇಳುತ್ತಾರೆ:

"ದೀಪಾಲಿ ಬಾಯಾರಿಗೆ ಬಿಟ್ಟಿದ್ರಿ ಅದು. ಎಲ್ಲಾರ ಪದಾ ನಾ ಎತ್ತಿಕೊಂಡೀನಿ. ನಂದು ಎತ್ತಿಕೊಂಡಾಕಿ ಈಕಿ ಒಬ್ಬಾಕಿನ."