ಅಕ್ಕಿಯನ್ನು ಹಕ್ಕಿ ಮಾಡಿದವಳು ಮಾರ್ಟಳ್ಳಿಗೆ ಹೋದದ್ದು

ಯಳಂದೂರಿನಲ್ಲಿ ಬಸ್ಸು ಹತ್ತಿದಾಗ ಬಿಸಿಲು ಇನ್ನೂ ಏರಿರಲಿಲ್ಲ. ಹೊಲಿಗೆ ಅಂಗಡಿಗೆ ಬೀಗ ಹಾಕಿ, ತಮ್ಮ ಮಾದೇಶನಿಗೆಂದು ಹೊಲಿದ ಶರ್ಟನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ. ಹೋಗಬೇಕಾದದ್ದು ಕೊಳ್ಳೇಗಾಲ, ಹನೂರು, ಕೌದಳ್ಳಿ ದಾಟಿ ಮಾರ್ಟಳ್ಳಿಗೆ. ಅವನು ಅಲ್ಲಿ ಜೋಳ ಬಿಡಿಸುವ ಮೆಷಿನ್ ಓಡಿಸುತ್ತಾನೆ. ಮೊದಲು ರ‍್ಯಾಪ್ ಹಾಡುತ್ತಿದ್ದ. ಅದನ್ನು ಬಿಡಿಸಿದವಳು ನಾನು.

ಕೊಳ್ಳೇಗಾಲದ ಬಸ್ ಸ್ಟಾಂಡಿನ ಹತ್ತಿರ ಇಡ್ಲಿ ತಿಂದೆ. ಈ ಊರಿನ ಕೆಲವು ಹುಡುಗರು ಈಗ ನಮ್ಮ ಕಡೆಯ ಮಾತಿನಲ್ಲೇ ರ‍್ಯಾಪ್ ಕಟ್ಟುತ್ತಿದ್ದಾರೆ. ಒಂದು ಹಾಡಿಗೆ ಮಾದೇಶನ ದನಿಯೇ ಬೇಕೆಂದು ಅವನಿಗೆ ಫೋನ್ ಮಾಡಿದ್ದರು. ಅವನು ಎತ್ತಲಿಲ್ಲ. ನಾನೇ ಹೋಗಿ ಒಪ್ಪಿಸಿ ಬರುತ್ತೇನೆಂದು ಮಾತು ಕೊಟ್ಟಿದ್ದೆ.

ನಾನು ಓದಿದ್ದು ಏಳನೇ ಕ್ಲಾಸು. ಆದರೆ ಹೊಲಿಯುತ್ತಾ ದಿನವಿಡೀ ರ‍್ಯಾಪ್ ಕೇಳುತ್ತೇನೆ. ಬೆಂಗಳೂರಿನವರದ್ದು ಬೀಟ್ ಚೆನ್ನಾಗಿರುತ್ತದೆ, ಇಂಗ್ಲಿಷ್ ಜಾಸ್ತಿ, ಹಾಡುವವನು ಯಾರ ಮನೆಯ ಹುಡುಗ ಎಂದೇ ತಿಳಿಯುವುದಿಲ್ಲ. ಹುಬ್ಬಳ್ಳಿ, ವಿಜಯಪುರದ ಕಡೆಯವರು ಜಗಳಕ್ಕೆ ನಿಂತವರ ಹಾಗೆ ಮನೆಮಾತಿನಲ್ಲೇ ಹಾಡುತ್ತಾರೆ. ಅರ್ಧ ಅರ್ಥವಾಗದಿದ್ದರೂ ನನ್ನ ಕಾಲು ಪೆಡಲ್ ಮೇಲೆ ತಾಳ ಹಾಕುತ್ತಿರುತ್ತದೆ. ಅವರಿಗೆ ಯಾರೂ ನಾಲಿಗೆ ತಿದ್ದಿಕೋ ಎಂದು ಹೇಳಿರಲಾರರು.

ಹನೂರಿನ ಬಸ್ಸು ತುಂಬಿತ್ತು. ಆಧಾರ್ ತೋರಿಸಿ ಹೆಂಗಸರ ಫ್ರೀ ಟಿಕೆಟ್ ತೆಗೆದುಕೊಂಡು ಕಂಬ ಹಿಡಿದು ನಿಂತೆ. ಕಂಡಕ್ಟರು ಕೂಗಿದ: “ಇಂದಕ್ ಓಗ್ರವ್ವ. ಮುಂದ್ಗಡೆ ಸೀಟೂ ಇಂದ್ಗಡೆ ಸೀಟೂ ಒಂದೇ ಊರ್ಗೇ ಓಗದು.”

ಬಾಗಿಲ ಬಳಿಯ ಅಜ್ಜಿ ಅಲುಗಲಿಲ್ಲ. “ನೀನೇ ಓಗ್ ಕೂತ್ಕೊ ಮಗ. ಸೀಟಿ ನಾ ಊದ್ತೀನಿ.”

ಬಸ್ಸಿಗೆ ಬಸ್ಸೇ ನಕ್ಕಿತು. ನಕ್ಕದ್ದು ಮಾತಿಗೆ. ಬಿಟ್ಟುಹೋದ ಹಕಾರಕ್ಕೆ ಯಾರೂ ನಗಲಿಲ್ಲ.

ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಕೆಲಸಕ್ಕಿದ್ದಾಗ ನಾನು ‘ಓಗು’ ಎಂದರೆ ಪಕ್ಕದ ಹುಡುಗಿಯರು ಅಣಕಿಸುತ್ತಿದ್ದರು. ನಾಚಿಕೆಗೆ ಹಕಾರ ಕಲಿತೆ. ಊರಿಗೆ ಬಂದು ಅದನ್ನೇ ತಮ್ಮನ ಬಾಯಿಗೆ ತುರುಕಿದೆ. ಮೈಸೂರಿನಲ್ಲಿ ರ‍್ಯಾಪ್ ಸ್ಪರ್ಧೆಯಿತ್ತು. ನಮ್ಮವ್ವ ಹಾಸ್ಟೆಲಿನ ಅಡಿಗೆಮನೆಯಲ್ಲಿ ಅಕ್ಕಿ ಆರಿಸಿ ನಮ್ಮನ್ನು ಸಾಕಿದವಳು. ಅವನ ಹಾಡು ಅವಳ ಮೇಲೆಯೇ ಇತ್ತು. ಹೀಗೆ ಹಾಡಿದರೆ ಹಳ್ಳಿ ಗುಗ್ಗು ಅಂತಾರೆ ಎಂದು ಹೊಲಿಗೆ ಮೆಷಿನ್ ಪಕ್ಕ ಕೂರಿಸಿಕೊಂಡು ಒಂದೊಂದೇ ಮಾತು ತಿದ್ದಿದೆ.

ಸ್ಟೇಜಿನ ಮೇಲೆ ಅವನು ಹೆದರಿ, ಬೇಕಾದದ್ದಕ್ಕೂ ಬೇಡವಾದದ್ದಕ್ಕೂ ಹಕಾರ ಹಚ್ಚಿದ. ‘ಅವ್ವ ಅಕ್ಕಿ ಆರಿಸ್ತಾವ್ಳೆ’ ಎನ್ನಬೇಕಾದಲ್ಲಿ ‘ಹವ್ವ ಹಕ್ಕಿ ಹಾರಿಸ್ತಾವ್ಳೆ’ ಎಂದ. ಜನ ಬಿದ್ದು ಬಿದ್ದು ನಕ್ಕರು. ಮುಂದೆಯೇ ಕುಳಿತಿದ್ದ ನಾನೂ ನಕ್ಕೆ. ಅವನು ಜನರನ್ನು ನೋಡಲಿಲ್ಲ, ನನ್ನನ್ನು ನೋಡಿದ. ಮೈಕ್ ಕೆಳಗಿಟ್ಟು ಇಳಿದುಹೋದ.

ಕೌದಳ್ಳಿಯಲ್ಲಿ ಟೀ ಕುಡಿದು ಪ್ರೈವೇಟ್ ಬಸ್ಸು ಹತ್ತಿದೆ. ಅಲ್ಲಿ ಫ್ರೀ ಇಲ್ಲ, ದುಡ್ಡು ಕೊಟ್ಟೆ. ಮಾರ್ಟಳ್ಳಿ ಮುಟ್ಟುವಾಗ ಬಿಸಿಲು ಸುಡುತ್ತಿತ್ತು. ತಮಿಳುನಾಡಿನ ಗಡಿಯ ಊರದು, ಅಂಗಡಿಯೊಂದರಲ್ಲಿ ತಮಿಳು ರ‍್ಯಾಪ್ ಹಾಕಿದ್ದರು. ಯಾವುದೋ ಹಳ್ಳಿಯ ಒರಟು ತಮಿಳು. ಅಂಗಡಿಯವನು ಅದರ ಜೊತೆಗೇ ಗುನುಗುತ್ತಾ ದಾರಿ ತೋರಿಸಿದ.

ಕಣದಲ್ಲಿ ಮೆಷಿನ್ ಸದ್ದಿನ ಮೇಲೆ ಮಾದೇಶನ ದನಿ ಮೊದಲು ಕೇಳಿಸಿತು: “ಲೇ, ಚೀಲ ಇಂಗಿಟ್ಟು ಅಂಗೋಗ್ಲಾ.” ಎಷ್ಟು ಚೆನ್ನಾಗಿ ಬೀಟಿಗೆ ಕೂತಿತ್ತು ಆ ಮಾತು. ಆಮೇಲೆ ನನ್ನನ್ನು ಕಂಡ. ಮೆಷಿನ್ ನಿಲ್ಲಿಸಿ, ಮುಖ ಒರೆಸಿಕೊಂಡು ಬಂದು, “ಹೇಗಿದ್ದೀಯ ಅಕ್ಕ?” ಎಂದ.

ಎಲ್ಲರ ಹತ್ತಿರ ಒಂದು ಮಾತು, ನನ್ನ ಹತ್ತಿರ ಇನ್ನೊಂದು.

ಬೇವಿನ ನೆರಳಲ್ಲಿ ಅವನ ಬುತ್ತಿಯ ಮುದ್ದೆಯನ್ನು ಇಬ್ಬರೂ ಹಂಚಿಕೊಂಡು ತಿಂದೆವು. ನಾನು ಕೊಟ್ಟ ಶರ್ಟು ತೊಟ್ಟು ನೋಡಿದ, ಹೆಗಲಲ್ಲಿ ಬಿಗಿಯಾಯಿತು. ಹಳೆಯ ಅಳತೆಗೆ ಹೊಲಿದಿದ್ದೆ. ಕೊಳ್ಳೇಗಾಲದ ಹುಡುಗರ ವಿಷಯ ಹೇಳಿದೆ. ಅವರಿಗೆ ಬೇರೆ ಯಾರಾದರೂ ಸಿಗುತ್ತಾರೆ ಎಂದ, ನಿಧಾನವಾಗಿ, ಒಂದೊಂದು ಮಾತನ್ನೂ ನೋಡಿ ಇಡುವವನ ಹಾಗೆ.

“ಅವತ್ತು ನಾ ನಗ್ಬಾರ್ದಿತ್ತು ಕಣ್ಲಾ,” ಎಂದೆ.

“ಎಲ್ಲರೂ ನಕ್ಕರಲ್ಲ ಅಕ್ಕ.”

“ಎಲ್ರೂ ನಿನ್ ಅಕ್ಕಂದ್ರಾ?”

ಅವನು ಎದ್ದು ಹೋಗಿ ಮೆಷಿನ್ನಿಗೆ ಎಣ್ಣೆ ಬಿಟ್ಟ.

ಸಂಜೆ ಬಸ್ಸಿನ ತನಕ ಜೊತೆಯಲ್ಲಿ ಬಂದ. ಕಿಟಕಿ ಪಕ್ಕ ನಿಂತವನಿಗೆ, ನಾಲಿಗೆ ತಡವರಿಸಿದರೂ, ನಮ್ಮೂರಿನ ಮಾತಲ್ಲೇ ಹೇಳಿದೆ: “ಓಯ್ತೀನಿ ಕಣ್ಲಾ.” ಹೇಳಿ, ‘ಓಗ್ಬುಟ್ ಬಾ’ ಎಂಬ ಒಂದು ಮಾತಿಗೆ ಕಾದೆ.

“ಹೋಗಿ ಬಾ ಅಕ್ಕ. ಹುಷಾರು.”

ಒಂದು ಹಕಾರವೂ ತಪ್ಪಿರಲಿಲ್ಲ. ಬಸ್ಸು ತಿರುಗುವಾಗ ಹಿಂದೆ ನೋಡಿದೆ. ಕಣದ ಕಡೆಗೆ ನಡೆಯುತ್ತಾ ಯಾರಿಗೋ ಏನೋ ಕೂಗಿ ಹೇಳುತ್ತಿದ್ದ, ಕೈ ಬೀಸುತ್ತಾ, ತಾಳ ಹಾಕುವವನ ಹಾಗೆ. ಇಂಜಿನ್ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.